‘ನನ್ನ ಕಿವೀನೇ ಸರಿಯಿಲ್ಲ ಮೇಡಂ’: ಸೌಂಡ್ ಎಂಜಿನಿಯರಿಂಗ್ ಕಲಿಯುತ್ತಿದ್ದ ಯುವತಿಯ ಪ್ರಕರಣ

ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಸಂಗತಿಗಳನ್ನು ಬದಲಿಸಿದ್ದೇವೆ. ಇದೇ ಬಗೆಯ ತೊಂದರೆ ಹೇಳಿಕೊಂಡು ಬಂದ ಬೇರೆಯವರ ಕೆಲವು ವಿವರಗಳೂ ಇದರಲ್ಲಿ ಸೇರಿವೆ.

ನಮ್ಮಲ್ಲಿಗೆ ಆಪ್ತಸಲಹೆಗೆ ಬಂದವಳು 22ರ ಯುವತಿ. ಬೆಂಗಳೂರಿನಲ್ಲಿ ಒಂದು ವರ್ಷದ ಸೌಂಡ್ ಎಂಜಿನಿಯರಿಂಗ್ ಡಿಪ್ಲೊಮಾ, ಆಗ ಎಂಟನೇ ತಿಂಗಳು. ಊರು ಚಿತ್ರದುರ್ಗದ ಕಡೆ. ತಂದೆಯದು ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಸುಬು. ಹೈಸ್ಕೂಲಿನಲ್ಲಿದ್ದಾಗಿನಿಂದಲೇ ಮದುವೆ ಆರ್ಕೆಸ್ಟ್ರಾ, ಗಣೇಶನ ಪೆಂಡಾಲು, ಜಾತ್ರೆಯ ನಾಟಕ ಅಂತ ತಂದೆಯ ಜೊತೆ ಮಿಕ್ಸರ್ ಮುಂದೆ ಕೂತು ರೂಢಿ. ಮಗಳ ಶುಲ್ಕಕ್ಕೆಂದು ತಂದೆ ತಮ್ಮ ಎರಡು ಜನರೇಟರುಗಳಲ್ಲಿ ಒಂದನ್ನು ಮಾರಿದ್ದರು.

ಆಕೆಯ ದೂರು ಚಿಕ್ಕದು: “ನನ್ನ ಕಿವೀನೇ ಸರಿಯಿಲ್ಲ ಮೇಡಂ. ಈ ಕೆಲ್ಸಕ್ಕೆ ನಾನು ಲಾಯಕ್ಕಿಲ್ಲ.” ಅಂತಿಮ ಪ್ರಾಜೆಕ್ಟಿನ ಹಾಡಿನ ಮಿಕ್ಸ್, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಐದು ವಾರದಿಂದ ಮುಗಿದಿರಲಿಲ್ಲ. ರಾತ್ರಿ ಎರಡರ ತನಕ ಕೂತು ‘ಸರಿಯಾಯ್ತು’ ಅಂದುಕೊಂಡದ್ದು ಬೆಳಿಗ್ಗೆ ಕೇಳಿದರೆ ಸಪ್ಪೆ. ಆಗಲೇ ನಾಲ್ಕೈದು ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸಿ ‘ಹೇಗಿದೆ?’ ಎಂದು ಕೇಳುವುದು, ಒಬ್ಬೊಬ್ಬರು ಒಂದೊಂದು ಹೇಳಿದ ಮೇಲೆ ಎಲ್ಲವನ್ನೂ ಮತ್ತೆ ಬದಲಿಸುವುದು. ಕಾಲೇಜಿನ ಸ್ಟುಡಿಯೊದಲ್ಲಿ ಕನ್ಸೋಲ್ (ದೊಡ್ಡ ಮಿಕ್ಸರ್ ಮೇಜು) ಮುಂದೆ ಕೂರುವ ಸರದಿ ಬಂದಾಗಲೆಲ್ಲ ಕೇಬಲ್ ಸುತ್ತುವ, ಸ್ಟ್ಯಾಂಡ್ ಹಾಕುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು. ಕೇಬಲ್ ಸುತ್ತುವುದರಲ್ಲಿ ತರಗತಿಗೇ ಮೊದಲಿಗಳು. ಅದನ್ನು ಹೇಳಿದರೆ, “ಅದ್ಯಾರಿಗೆ ಬರಲ್ಲ?” ಎಂದಳು.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಮನಸ್ಥಿತಿಗಳನ್ನು ವಿಚಾರಿಸಿದೆವು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 11 ಬಂತು, ಅಂದರೆ ಮಧ್ಯಮ ಮಟ್ಟ. ಖಿನ್ನತೆಯ ಪಿಎಚ್‌ಕ್ಯು-9ರಲ್ಲಿ 7, ಸೌಮ್ಯ ಮಟ್ಟ. ಅದರ ಒಂಬತ್ತನೇ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಗಳದ್ದು. ಅದಕ್ಕೆ ಸೊನ್ನೆ ಬಂದಿದ್ದರೂ ಬಾಯಿಬಿಟ್ಟು ಕೇಳಿ ಖಾತ್ರಿ ಮಾಡಿಕೊಂಡೆವು. ಇವು ರೋಗನಿರ್ಣಯದ ಅಂಕಗಳಲ್ಲ, ಎಷ್ಟು ಎಚ್ಚರ ಬೇಕೆಂದು ತಿಳಿಯುವ ಜರಡಿ ಅಷ್ಟೇ. ಎರಡು ವಾರ ದಾಟಿದರೂ ನಿದ್ದೆ ಕೂಡದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಮಿಕ್ಸಿನ ಮಾತನ್ನು ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಆಕೆಯ ಫೋನಿನಲ್ಲಿ ಆಗಲೇ ಸೇರಿಸಿಸಿದೆವು.

ಸಾಧನೆ ಕಣ್ಣೆದುರಿಗಿದ್ದರೂ ‘ನಾನು ಯೋಗ್ಯಳಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎನ್ನುವ ಭಾವವನ್ನು 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು ವಿವರಿಸಿದ್ದಾರೆ. ಅದು ಕಾಯಿಲೆಯಲ್ಲ. ಆ ಹಣೆಪಟ್ಟಿಯನ್ನು ಆಕೆಗೆ ಅಂಟಿಸುವ ಅವಸರ ನಮಗಿರಲಿಲ್ಲ, ಏಕೆಂದರೆ ಆಕೆಯ ಅನುಮಾನಗಳಲ್ಲಿ ಕೆಲವು ನಿಜವೂ ಇರಬಹುದಿತ್ತು. ಈ ವಿದ್ಯೆಯ ವಿಶೇಷ ಕಷ್ಟವೇ ಅದು. ಹೊಲಿಗೆ ಕಲಿಯುವವರಿಗೆ ಅನುಮಾನ ಬಂದರೆ ಕೈಯಲ್ಲಿ ಅಳತೆ ಟೇಪಿರುತ್ತದೆ. ಇಲ್ಲಿ ತಪ್ಪು ಮಾಡಿದ ಕಿವಿಯೇ ತಪ್ಪನ್ನು ಹುಡುಕಬೇಕು. ಕಿವಿಯ ಮೇಲೇ ನಂಬಿಕೆ ಹೋದರೆ ‘ಧೈರ್ಯವಾಗಿರು, ನಿನ್ನಿಂದ ಆಗುತ್ತೆ’ ಎನ್ನುವ ಮಾತು ಎಲ್ಲೂ ನಾಟುವುದಿಲ್ಲ. ‘ನನ್ನ ಕಿವಿ ಸರಿಯಿಲ್ಲ’ ಎಂಬುದು ಮಾತ್ರ ಪರೀಕ್ಷಿಸಿ ನೋಡಬಹುದಾದ ಮಾತು. ಹಾಗೆ ನೋಡುವುದೇ ಸಲಹೆಯ ಮುಖ್ಯ ಭಾಗವಾಯಿತು.

ಮೊದಲು ಶ್ರವಣ ಪರೀಕ್ಷೆ. ವರ್ಷಗಟ್ಟಲೆ ಸ್ಪೀಕರ್ ಸ್ಟ್ಯಾಕ್ ಪಕ್ಕದಲ್ಲಿ ನಿಂತವಳಾದ್ದರಿಂದ ಇದನ್ನು ಬಿಡುವಂತಿರಲಿಲ್ಲ. ಆಡಿಯೋಮೆಟ್ರಿಗೆ ಮುಂಚೆ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರವಿರಬೇಕು. ಇಲ್ಲದಿದ್ದರೆ ತಾತ್ಕಾಲಿಕ ಮಂದತನವೇ ಕಾಯಂ ದೋಷದಂತೆ ಕಾಣಬಹುದು. ಗದ್ದಲದಿಂದ ಕಿವಿ ಕೆಟ್ಟಿದ್ದರೆ ಆಡಿಯೋಗ್ರಾಮಿನಲ್ಲಿ 4000 ಹರ್ಟ್ಸ್ ಆಸುಪಾಸಿನಲ್ಲಿ ಸಾಮಾನ್ಯವಾಗಿ ತಗ್ಗು ಕಾಣುತ್ತದೆ. ಆಕೆಯ ಫಲಿತಾಂಶ ಎರಡೂ ಕಿವಿಗಳಲ್ಲಿ ಸಹಜವಾಗಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ, ಹತ್ತಿರದ ಇಎನ್‌ಟಿ ವಿಭಾಗದಲ್ಲೋ ಈ ಪರೀಕ್ಷೆ ಆಗುತ್ತದೆ. ಈ ಕಸುಬಿಗೆ ಬರುವ ಎಲ್ಲರೂ ಒಮ್ಮೆ ಮಾಡಿಸಿ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಹೋಲಿಸಲು ಬೇಕಾಗುತ್ತದೆ.

ಎರಡನೆಯದು ಕೋಣೆ. ಆಕೆಯ ಮನಸ್ಸನ್ನು ಹೆಚ್ಚು ನೋಯಿಸಿದ್ದು ಶಿಕ್ಷಕರು ಪದೇ ಪದೇ ಹೇಳಿದ ‘ಕಿಕ್ ಜಾಸ್ತಿಯಾಗಿದೆ’ ಎಂಬ ಮಾತು. ಕಿಕ್ ಎಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು. ಅವಳ ಬಾಡಿಗೆ ಕೋಣೆಯ ಅಳತೆ ಕೇಳಿದೆವು: ಹತ್ತಡಿಗೆ ಹತ್ತಡಿ. ಮೇಜು ಎಲ್ಲಿದೆ? ಕುರ್ಚಿ ಸರಿಯಾಗಿ ನಡುಮಧ್ಯಕ್ಕೆ ಬರುವಂತೆ. ಕಾರಣ ಅಲ್ಲೇ ಇತ್ತು. ಎದುರುಬದುರು ಗೋಡೆಗಳ ನಡುವೆ ಶಬ್ದ ನಿಂತ ಅಲೆಯಾಗುವ ಮೊದಲ ಆವರ್ತನ ಸಿಗುವುದು ಶಬ್ದದ ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಿದರೆ. ಹತ್ತಡಿ ಅಂದರೆ 3.05 ಮೀಟರ್, 343 ಭಾಗಿಸು 6.1, ಸುಮಾರು 56 ಹರ್ಟ್ಸ್. ಉದ್ದ, ಅಗಲ ಎರಡೂ ಒಂದೇ ಆದ್ದರಿಂದ ಎರಡರ ಪ್ರಭಾವವೂ ಅದೇ ಜಾಗದಲ್ಲಿ ಸೇರುತ್ತದೆ. ಆ ಅಲೆಯ ಒತ್ತಡ ಗೋಡೆಯ ಬಳಿ ಗರಿಷ್ಠ, ನಡುಮಧ್ಯದಲ್ಲಿ ಹತ್ತಿರ ಹತ್ತಿರ ಶೂನ್ಯ. ಕಿಕ್ ಡ್ರಮ್ಮಿನ ತೂಕ ಇರುವುದೂ 50–60 ಹರ್ಟ್ಸ್ ಸುತ್ತ. ಹಾಗಾಗಿ ಕೂತ ಜಾಗದಲ್ಲಿ ಕಿಕ್ ಕೇಳಿಸದೆ ಫೇಡರ್ (ಸದ್ದಿನ ಮಟ್ಟದ ಜಾರುಗುಂಡಿ) ಏರಿಸುತ್ತಿದ್ದಳು, ಕಾಲೇಜಿನ ಸ್ಟುಡಿಯೊದಲ್ಲಿ ಅದು ಗುಮ್ಮೆನ್ನುತ್ತಿತ್ತು. ಜೊತೆಗೆ ಪಕ್ಕದ ಮನೆಯವರಿಗೆ ಹೆದರಿ ರಾತ್ರಿ ತೀರ ಮೆಲ್ಲಗೆ ಕೇಳುವ ಅಭ್ಯಾಸ ಬೇರೆ. ಸದ್ದು ಕಡಿಮೆಯಾದಷ್ಟೂ ಮನುಷ್ಯರ ಕಿವಿಗೆ ಬಾಸ್ ಇನ್ನೂ ಕಡಿಮೆ ಕೇಳಿಸುತ್ತದೆ; ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅಂದರೆ ಆಕೆಯ ಕಿವಿ ತನಗೆ ಸಿಕ್ಕಿದ್ದನ್ನು ಸರಿಯಾಗಿಯೇ ವರದಿ ಮಾಡುತ್ತಿತ್ತು.

ಇದಕ್ಕೆ ಹೇಳಿದ ಪರಿಹಾರ ದುಡ್ಡಿನದಲ್ಲ. ಸ್ಪೀಕರ್ ಇರುವ ಗೋಡೆಯಿಂದ ಕೋಣೆಯ ಉದ್ದದ ಶೇ 38ರಷ್ಟು ದೂರಕ್ಕೆ, ಇಲ್ಲಿ 3.8 ಅಡಿಗೆ, ತಲೆ ಬರುವಂತೆ ಕುರ್ಚಿ ಸರಿಸುವುದು. ಸ್ಪೀಕರುಗಳು, ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು. ಬಾಸ್ ನಿರ್ಧಾರಗಳನ್ನು ಹಗಲಲ್ಲೇ, 75 ಡೆಸಿಬೆಲ್ ಸುಮಾರಿನಲ್ಲಿ ಕೇಳಿ ಮಾಡುವುದು. ಫೋನಿನ ಆಪ್ ಕರಾರುವಾಕ್ಕಲ್ಲದಿದ್ದರೂ ದಿನವೂ ಒಂದೇ ಮಟ್ಟಕ್ಕೆ ತರಲು ಸಾಕು. ಹೆಡ್‌ಫೋನಿನಲ್ಲೂ ಒಮ್ಮೆ ನೋಡಬೇಕು, ಅಲ್ಲಿ ಕೋಣೆಯ ಕಾಟವಿಲ್ಲ.

ಮೂರನೆಯದು ಹೋಲಿಕೆ. ಬಿಡುಗಡೆಯಾದ ಚಿತ್ರಗೀತೆಗಳ ಪಕ್ಕದಲ್ಲಿ ತನ್ನ ಮಿಕ್ಸ್ ಇಟ್ಟು ಕೇಳಿ, “ನಂದು ಬಡಕಲು” ಎಂದು ಕೊರಗುತ್ತಿದ್ದಳು. ಮೀಟರ್ ಹಾಕಿ ನೋಡಿಸಿದಾಗ ಆಕೆಯ ಮಿಕ್ಸ್ ಮೈನಸ್ 20 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ), ಮಾಸ್ಟರಿಂಗ್ ಎಂಬ ಕೊನೆಯ ಹದ ಮುಗಿಸಿ ಬಂದ ಚಿತ್ರಗೀತೆ ಮೈನಸ್ 9. ನಡುವೆ 11 ಡಿಬಿ (ಡೆಸಿಬೆಲ್) ಅಂತರ! ಒಂದೇ ಧ್ವನಿಮುದ್ರಣವನ್ನು 1 ಡಿಬಿ ಜೋರು ಮಾಡಿದರೂ ‘ಇದೇ ಚೆನ್ನ’ ಎನ್ನುವವರೇ ಹೆಚ್ಚು; 11 ಡಿಬಿ ಎಂದರೆ ಸೋಲು ಖಾತ್ರಿ. ರೆಫರೆನ್ಸ್ ಹಾಡನ್ನು ಬೇರೆ ಟ್ರ್ಯಾಕಿಗೆ ಹಾಕಿ, ಮಾಸ್ಟರ್ ಬಸ್ಸಿನ (ಎಲ್ಲ ಟ್ರ್ಯಾಕುಗಳೂ ಸೇರುವ ಕೊನೆಯ ದಾರಿಯ) ಪ್ಲಗಿನ್ನುಗಳು ಅದಕ್ಕೆ ತಾಗದಂತೆ ಮಾಡಿ, 11 ಡಿಬಿ ಇಳಿಸಿ ಕೇಳಲು ಹೇಳಿದೆವು. ಮುಂದಿನ ಭೇಟಿಗೆ ಬಂದಾಗ ಆಕೆಯ ಮಾತು ಬದಲಾಗಿತ್ತು: “ಅವರ ಧ್ವನಿ ನಂದಕ್ಕಿಂತ ಮುಂದಿದೆ, ಗಿಟಾರು ಹೆಚ್ಚುಕಡಿಮೆ ಒಂದೇ.” ಕೊರಗಿನ ಜಾಗಕ್ಕೆ ಕೆಲಸ ಬಂದಿತ್ತು.

ಇನ್ನು ಕಿವಿಯ ಜಾಣ್ಮೆಯ ಪ್ರಶ್ನೆ. ಆವರ್ತನ ಗುರುತಿಸಲು ತನಗೆ ಬಾರದೆಂದು ಆಕೆ ಖಡಾಖಂಡಿತವಾಗಿ ನಂಬಿದ್ದಳು. ಜಾತ್ರೆಯ ಸ್ಟೇಜಿನಲ್ಲಿ ಮೈಕ್ ಕೂಗಿದರೆ ಏನು ಮಾಡುತ್ತೀರಿ ಎಂದು ಕೇಳಿದೆವು.

“ಗ್ರಾಫಿಕ್‌ನಲ್ಲಿ ಇಳಿಸ್ತೀನಿ.”

“ಯಾವುದನ್ನ?”

“ಸೀಟಿ ಥರ ಬಂದ್ರೆ ಎರಡೂವರೆ ಕೆ, ಇಲ್ಲಾಂದ್ರೆ ಮೂರು. ಕೊಳವೆ ಊದಿದ ಹಾಗಿದ್ರೆ ಮುನ್ನೂರ ಹದಿನೈದರ ಹತ್ರ.”

31 ಪಟ್ಟಿಗಳ ಗ್ರಾಫಿಕ್ ಈಕ್ವಲೈಸರಿನಲ್ಲಿ (ಒಂದೊಂದು ಆವರ್ತನವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ), ನೆರೆದ ಜನರ ಎದುರು, ಎರಡು ಸೆಕೆಂಡಿನಲ್ಲಿ ಸರಿಯಾದ ಪಟ್ಟಿಗೆ ಕೈಹಾಕುವವಳು ತನಗೆ ಆವರ್ತನ ತಿಳಿಯದು ಎನ್ನುತ್ತಿದ್ದಳು! ಸ್ಟುಡಿಯೊದಲ್ಲಿ ಬೇಕಾದದ್ದು ಅದೇ ಕೌಶಲ, ಕೂಗುವಷ್ಟು ಎದ್ದು ನಿಲ್ಲದ ಸಣ್ಣ ಉಬ್ಬುತಗ್ಗುಗಳ ಮೇಲೆ. ಅಭ್ಯಾಸ ಹೀಗೆ ಹಾಕಿಕೊಟ್ಟೆವು: ದಿನಕ್ಕೆ 15 ನಿಮಿಷ, ಬೆಳಿಗ್ಗೆ. ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ, ಜೋರು ಮಳೆಯಂಥ ಸದ್ದು) ಮೇಲೆ 63, 125, 250, 500, 1000, 2000, 4000, 8000 ಹರ್ಟ್ಸ್‌ಗಳಲ್ಲಿ ಒಂದನ್ನು ಗೆಳತಿ 12 ಡಿಬಿ ಏರಿಸಬೇಕು, ಈಕೆ ಪರದೆ ನೋಡದೆ ಹೇಳಬೇಕು. 20 ಸಲ. ಕಣ್ಣುಮುಚ್ಚಿ ಊಹಿಸಿದರೂ ಎರಡೋ ಮೂರೋ ಸರಿಯಾಗುತ್ತವೆ, ಅದನ್ನು ಮೊದಲೇ ಬರೆದಿಡಬೇಕು. ಹದಿನೈದು ದಾಟಿದ ಮೇಲೆ 6 ಡಿಬಿಗೆ, ಆಮೇಲೆ 3ಕ್ಕೆ, ಬಳಿಕ ನಾಯ್ಸ್ ಬಿಟ್ಟು ಹಾಡಿಗೆ. ಇಳಿಸಿದ್ದನ್ನು ಗುರುತಿಸುವುದು ಏರಿಸಿದ್ದಕ್ಕಿಂತ ಕಷ್ಟ, ಅದು ಕೊನೆಗಿರಲಿ. ಪುಸ್ತಕದಲ್ಲಿ ಅಂಕ ಮಾತ್ರ ಬರೆಯಬೇಕು, ‘ಚೆನ್ನಾಗಿತ್ತು’, ‘ಕೆಟ್ಟದಾಗಿತ್ತು’ ಎಂದು ಬರೆಯಬಾರದು. ಮೊದಲ ವಾರ 9ರ ಸುತ್ತ ಇದ್ದದ್ದು ತಿಂಗಳ ಕೊನೆಗೆ 15 ಮುಟ್ಟಿತು.

ನಿಜವಾದ ಕೊರತೆಗಳೂ ಇದ್ದವು. ಅವನ್ನು ಮುಚ್ಚಿಡುವುದು ಸಲಹೆಗಾರರಿಗೆ ತಕ್ಕದ್ದಲ್ಲ. ಊರಿನ ಅನಲಾಗ್ ಮಿಕ್ಸರಿನಲ್ಲಿ ಕೆಂಪು ದೀಪ ಮಿನುಗುವ ತನಕ ಗೇನ್ (ಒಳಬರುವ ಸದ್ದಿನ ವರ್ಧನೆ) ಕೊಡುವ ಕೈಗೆ ಡಿಜಿಟಲ್‌ನಲ್ಲೂ ಅದೇ ಚಾಳಿ. ಹಾಡುಗಾರನ ಮೇಲುಸ್ಥಾಯಿ ಡಿಜಿಟಲ್ ಮಟ್ಟದ ತುತ್ತತುದಿಯಾದ ಸೊನ್ನೆ ಡಿಬಿಎಫ್‌ಎಸ್ ಮುಟ್ಟಿ ಒಡೆದಿತ್ತು. 24 ಬಿಟ್‌ನಲ್ಲಿ ಸರಾಸರಿ ಮೈನಸ್ 18, ಶಿಖರ ಮೈನಸ್ 10ರಿಂದ ಮೈನಸ್ 6ರ ಒಳಗೆ ಇಟ್ಟರೆ ಏನೂ ನಷ್ಟವಿಲ್ಲ. ಜೋರು ಸದ್ದನ್ನು ಅದುಮುವ ಕಂಪ್ರೆಸರಿನ ಅಟ್ಯಾಕ್ (ಎಷ್ಟು ಬೇಗ ಅದುಮುತ್ತದೆ), ರಿಲೀಸ್ (ಎಷ್ಟು ಬೇಗ ಬಿಡುತ್ತದೆ) ಬದಲಾವಣೆ ಕಿವಿಗೆ ಸಿಗುತ್ತಿರಲಿಲ್ಲ. ಇವೆರಡನ್ನೂ ‘ಕಲಿಯಬೇಕಾದ್ದು’ ಎಂಬ ಬೇರೆ ಹಾಳೆಗೆ ಬರೆಸಿ, ಶಿಕ್ಷಕರ ಬಳಿ ಒಂದೊಂದು ಗಂಟೆ ಕೇಳಿ ಪಡೆಯಲು ಹೇಳಿದೆವು. ಕೇಳುವ ರೀತಿಯೂ ಮುಖ್ಯ. ‘ಹೇಗಿದೆ ಸರ್?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಆತಂಕವಿರುವವರು ಅದನ್ನು ತಿರಸ್ಕಾರವೆಂದೇ ಓದುತ್ತಾರೆ. ‘1 ನಿಮಿಷ 10 ಸೆಕೆಂಡಿನ ಕೋರಸ್ಸಿನಲ್ಲಿ ಧ್ವನಿ ಗಿಟಾರಿನ ಹಿಂದೆ ಹೋಗಿದೆಯಾ ಸರ್?’ ಎಂದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಬಿಡಿಸಿದ ಮೇಲೂ ಉಳಿದದ್ದು ಆತಂಕ. ಅದಕ್ಕೆ ಯೋಚನೆಯ ದಾಖಲೆ ಬರೆಸಿದೆವು. ಒಂದು ದಿನದ್ದು ಹೀಗಿತ್ತು. ಸಂದರ್ಭ: ಕಿಕ್ ಜಾಸ್ತಿ ಎಂದರು. ಬಂದ ಯೋಚನೆ: ನನಗೆ ಬಾಸ್ ಕೇಳಿಸುವುದೇ ಇಲ್ಲ. ನಾಚಿಕೆ: ನೂರಕ್ಕೆ 85. ಪರವಾದ ಸಾಕ್ಷಿ: ಮೂರು ಸಲ ಇದೇ ಮಾತು ಬಂದಿದೆ. ವಿರುದ್ಧ ಸಾಕ್ಷಿ: ಮೂರೂ ಸಲ ಮಿಕ್ಸ್ ಮಾಡಿದ್ದು ಕೋಣೆಯ ನಡುವೆ, ರಾತ್ರಿ. ಬೇರೆ ಯೋಚನೆ: ಜಾಗ ಬದಲಿಸಿ ಮತ್ತೊಮ್ಮೆ ತೋರಿಸುತ್ತೇನೆ. ನಾಚಿಕೆ: 40. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ.

ಮಿಕ್ಸ್ ಮುಗಿಸಲು ಒಂದು ಕಟ್ಟುಪಾಡು ಬೇಕಿತ್ತು. ಮೊದಲ ಅರ್ಧ ಗಂಟೆ ಫೇಡರ್ ಮಾತ್ರ, ಮೋನೋದಲ್ಲಿ (ಎಡ-ಬಲ ಎರಡನ್ನೂ ಒಂದೇ ಮಾಡಿ). ಆಮೇಲೆ ಈಕ್ವಲೈಸರ್, ಕಂಪ್ರೆಸರ್. 50 ನಿಮಿಷಕ್ಕೊಮ್ಮೆ ಹತ್ತು ನಿಮಿಷ ಮೌನ. ಆ ಹೊತ್ತಿನಲ್ಲಿ ಇಯರ್‌ಫೋನ್ ಹಾಕಿಕೊಂಡು ರೀಲ್ಸ್ ನೋಡಿದರೆ ಅದು ವಿಶ್ರಾಂತಿಯಲ್ಲ. ರಾತ್ರಿ ಹತ್ತರ ಮೇಲೆ ಮಿಕ್ಸ್ ಮುಟ್ಟುವಂತಿಲ್ಲ. ಬೆಳಿಗ್ಗೆ ಮೌಸ್ ಮುಟ್ಟದೆ ಒಂದೇ ಸಲ ಕೇಳಿ, ಸಮಯದ ಸಮೇತ ಐದು ದೋಷ ಬರೆದು, ಆ ಐದನ್ನಷ್ಟೇ ಸರಿಪಡಿಸುವುದು. ಇಂಥ ಮೂರು ಸುತ್ತಾದ ಮೇಲೆ ಒಪ್ಪಿಸುವುದು. ವಾಟ್ಸಾಪಿಗೆ ನಿಯಮ: ಒಬ್ಬರಿಗೆ, ಒಂದು ಸಲ, ಒಂದೇ ಪ್ರಶ್ನೆ. ಮೊದಲ ವಾರ ಇದೇ ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಭರವಸೆ ಕೇಳಿ ಪಡೆದರೆ ಆ ಗಳಿಗೆಯ ತಳಮಳ ತಗ್ಗುತ್ತದೆ, ಆದ್ದರಿಂದಲೇ ಅದು ಚಟವಾಗುತ್ತದೆ.

ಕನ್ಸೋಲಿನ ಭಯಕ್ಕೆ ಮೆಟ್ಟಿಲು ಕಟ್ಟಿದೆವು. ಮೊದಲು ತರಗತಿ ಮುಗಿದ ಮೇಲೆ ಒಬ್ಬ ಗೆಳತಿಯೊಡನೆ 20 ನಿಮಿಷ ಪ್ಯಾಚಿಂಗ್ (ಕೇಬಲ್ ಜೋಡಣೆ), ಗೇನ್ ಮಾತ್ರ. ಬಳಿಕ ಒಬ್ಬ ಸಹಪಾಠಿಯ ಧ್ವನಿಮುದ್ರಣ. ಬಳಿಕ ಶಿಕ್ಷಕರ ಎದುರು. ಕೊನೆಗೆ ಹೊರಗಿನ ಗಾಯಕರು. ಕೈ ನಡುಗಿದರೂ ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಕುರ್ಚಿ ಬಿಡಬಾರದು. ಕೇಬಲ್ ಸುತ್ತುವುದು ಸೆಷನ್ ಮುಗಿದ ಮೇಲೆ.

ಜನರೇಟರಿನ ಋಣ ಪ್ರತಿ ಭೇಟಿಯಲ್ಲೂ ಬರುತ್ತಿತ್ತು. ತಂದೆಗೆ ಬೇಸರವಿದೆ ಎಂದು ಆಕೆಯೇ ತೀರ್ಮಾನಿಸಿಕೊಂಡಿದ್ದಳು, ಕೇಳಿರಲಿಲ್ಲ. ಕೇಳಲು ಹೇಳಿದೆವು, ಫೋನಿನಲ್ಲಲ್ಲ, ಊರಿಗೆ ಹೋದಾಗ. “ಅದು ಡೀಸೆಲ್ ಕುಡಿಯೋ ಹಳೇದಿತ್ತವ್ವ, ಇವತ್ತಲ್ಲ ನಾಳೆ ಕೊಡೋದೇ ಇತ್ತು” ಎಂದರಂತೆ ಅಪ್ಪ. ಹಣದ ಚಿಂತೆ ಅಷ್ಟಕ್ಕೇ ಹೋಗಲಿಲ್ಲ. ಊರಿನ ಸೀಸನ್ನಿನಲ್ಲಿ ವಾರಾಂತ್ಯದ ಮೈಕ್ ಸೆಟ್ ಕೆಲಸಕ್ಕೆ ತಾನೂ ಹೋಗುತ್ತೇನೆಂದು ಆಕೆಯೇ ಒಪ್ಪಂದ ಮಾಡಿಕೊಂಡಳು. ಅಲ್ಲಿಗೆ ಇಯರ್‌ಪ್ಲಗ್ ಕಡ್ಡಾಯ ಎಂದೆವು: 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಾಗ ಅದರ ಅರ್ಧ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ.

ಎರಡು ತಿಂಗಳ ನಂತರ ಜಿಎಡಿ-7ರ ಅಂಕ 6. ಪ್ರಾಜೆಕ್ಟ್ ಒಪ್ಪಿಸಿದ್ದಾಳೆ. ಕೋರಸ್ಸಿನಲ್ಲಿ ಕಂಪ್ರೆಸರ್ ಉಸಿರಾಡಿದಂತೆ ಕೇಳಿಸುತ್ತದೆ, ರಿಲೀಸ್ ತೀರ ಚುರುಕು ಎಂದು ಶಿಕ್ಷಕರು ಬರೆದಿದ್ದರು. ಆಕೆ ಅದನ್ನು ಕಲಿಯಬೇಕಾದ್ದರ ಹಾಳೆಗೆ ಸೇರಿಸಿಕೊಂಡಳು. ದುಡ್ಡು ಕೊಟ್ಟ ಗಿರಾಕಿ ಬೆನ್ನ ಹಿಂದೆ ಕೂತಿದ್ದರೆ ಈಗಲೂ ಬೆವರು ಬರುತ್ತದೆ. ಸದ್ಯಕ್ಕೆ ಮಾಡಿಕೊಂಡ ಏರ್ಪಾಡು ಇಷ್ಟು: ಅರ್ಧ ಗಂಟೆ ಮೊದಲೇ ಹೋಗಿ ಸೆಷನ್ ಫೈಲ್, ಹೆಡ್‌ಫೋನ್ ಮಿಕ್ಸ್ ಸಿದ್ಧಮಾಡಿ ಒಂದು ಸಾಲು ತಾನೇ ಹಾಡಿ ಮುದ್ರಿಸಿ ನೋಡುವುದು, ಗಾಯಕರಿಗೆ ಮೊದಲು ‘ನಿಮ್ಮ ಧ್ವನಿ ನಿಮಗೆ ಸಾಕಷ್ಟು ಕೇಳಿಸ್ತಿದೆಯಾ?’ ಎಂದು ಟಾಕ್‌ಬ್ಯಾಕಿನಲ್ಲಿ ಕೇಳುವುದು; ಏನಾದರೂ ಕೈಕೊಟ್ಟರೆ ‘ಎರಡು ನಿಮಿಷ ಕೊಡಿ, ಲೈನ್ ನೋಡ್ತೀನಿ’ ಎಂದು ಹೇಳಿ, ಮೈಕಿನಿಂದ ಕೇಬಲ್, ಪ್ರೀಆಂಪ್, ಇಂಟರ್‌ಫೇಸ್, ಟ್ರ್ಯಾಕ್ ಎಂಬ ಕ್ರಮದಲ್ಲೇ ಪರೀಕ್ಷಿಸುವುದು. ಮುಂದಿನ ಭೇಟಿ ಮೊದಲ ಹೊರಗಿನ ಸೆಷನ್ ಆದ ವಾರದಲ್ಲಿ.