642 ಸಿಬಿಲ್ ಸ್ಕೋರ್ ಇಟ್ಟುಕೊಂಡು ಮುಂದಿನ ವರ್ಷ ಮನೆ ಕೊಳ್ಳಬಹುದೇ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಸಾಲ ತೀರಿಸಿದ ಚರಿತ್ರೆ ನೋಡಿ ಸಿಬಿಲ್ ಎಂಬ ಸಂಸ್ಥೆ ಕೊಡುವ ಅಂಕ, ಅಂದರೆ ಸ್ಕೋರ್, 642. ಮೂರು ವರ್ಷದ ಹಿಂದೆ ಕ್ರೆಡಿಟ್ ಕಾರ್ಡಿನ 92,000 ರೂಪಾಯಿ ಬಾಕಿಗೆ 54,000 ಕಟ್ಟಿ ‘ಸೆಟಲ್‌ಮೆಂಟ್’ ಮಾಡಿಕೊಂಡಿದ್ದೀರಿ. ಮೈಸೂರಿನಲ್ಲಿ 50 ಲಕ್ಷದ ಮನೆಯೊಂದು ಮನಸ್ಸಿಗೆ ಬಂದಿದೆ. 15,000 ಕೊಟ್ಟರೆ ಎರಡೇ ತಿಂಗಳಲ್ಲಿ ಸ್ಕೋರ್ 780 ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಬೆನ್ನು ಹತ್ತಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ.

ಕೊಡಬೇಡಿ. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಬಹಳ ವರ್ಷ ಅರ್ಜಿಗಳನ್ನು ಪರಿಶೀಲಿಸಿದವನಾಗಿ ಹೇಳುತ್ತಿದ್ದೇನೆ. ನಿಮ್ಮ ಸಾಲಗಳ ವರದಿಯಲ್ಲಿರುವ ಮಾಹಿತಿಯನ್ನು ಸಿಬಿಲ್ ಕೂಡ ತಾನಾಗಿ ತಿದ್ದುವಂತಿಲ್ಲ. ಸಾಲ ಕೊಟ್ಟ ಬ್ಯಾಂಕು ಒಪ್ಪಿದರೆ ಮಾತ್ರ ತಿದ್ದುಪಡಿ. ಹಾಗಿರುವಾಗ ನಡುವೆ ನಿಂತ ಮಧ್ಯವರ್ತಿಯ ಕೈಯಲ್ಲಿ ಏನಿದೆ? ನಿಮ್ಮ ಹೆಸರಿನಲ್ಲಿ ಅವರು ಸಲ್ಲಿಸುವ ತಕರಾರನ್ನು ನೀವೇ, ಕಾಸು ಖರ್ಚಿಲ್ಲದೆ, ಮನೆಯಲ್ಲೇ ಕುಳಿತು ಸಲ್ಲಿಸಬಹುದು. ಅದಕ್ಕಾಗಿ ಪ್ಯಾನ್, ಆಧಾರ್, ಒಟಿಪಿ ಎಲ್ಲವನ್ನೂ ಅಪರಿಚಿತರಿಗೆ ಒಪ್ಪಿಸಿದವರ ಪಾಡನ್ನು ನಾನು ಕಂಡಿದ್ದೇನೆ.

ನಿಮ್ಮ ನಿಜವಾದ ತೊಡಕು 642 ಎಂಬ ಅಂಕಿಯಲ್ಲ, ‘ಸೆಟಲ್ಡ್’ ಎಂಬ ನಮೂದು. ಕನಿಷ್ಠ ಸ್ಕೋರ್ ಇಷ್ಟಿರಬೇಕೆಂದು ರಿಸರ್ವ್ ಬ್ಯಾಂಕು ನಿಗದಿ ಮಾಡಿಲ್ಲ. ಪ್ರತಿ ಬ್ಯಾಂಕಿಗೂ ತನ್ನದೇ ಅಳತೆಗೋಲಿದೆ. 750 ದಾಟಿದವರ ಕಡತ ಸರಾಗವಾಗಿ ಸಾಗುತ್ತದೆ, 650ರ ಕೆಳಗಿನದು ಅನೇಕ ಕಡೆ ಬಾಗಿಲಲ್ಲೇ ನಿಲ್ಲುತ್ತದೆ. ಆದರೆ ಸ್ಕೋರ್ ನೋಡಿದ ಮೇಲೆ ನಾನು ಪುಟ ತಿರುವುತ್ತಿದ್ದುದು ಖಾತೆಗಳ ವಿವರಕ್ಕೆ. ಪ್ರತಿ ಸಾಲದ ಕೆಳಗೂ 36 ತಿಂಗಳವರೆಗಿನ ಪುಟ್ಟ ಚೌಕಗಳಿರುತ್ತವೆ. 000 ಎಂದಿದ್ದರೆ ಆ ತಿಂಗಳ ಕಂತು ಹೊತ್ತಿಗೆ ಸರಿಯಾಗಿ ಬಂದಿದೆ. 030, 060, 090 ಎಂದಿದ್ದರೆ ಅಷ್ಟು ದಿನ ತಡವಾಗಿದೆ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳುಹಿಸಿಲ್ಲ, ಅದಕ್ಕೆ ನೀವು ಗಾಬರಿಯಾಗಬೇಕಿಲ್ಲ. ಹಳೆಯ ಒಂದೆರಡು 030ಗಳನ್ನು ಯಾವ ಅಧಿಕಾರಿಯೂ ದೊಡ್ಡದು ಮಾಡುವುದಿಲ್ಲ. ಆಸ್ಪತ್ರೆ, ಮದುವೆ, ಕೆಲಸ ಹೋದದ್ದು, ಎಲ್ಲರ ಬದುಕಿನಲ್ಲೂ ಇರುವಂಥದ್ದೇ. ‘ಸೆಟಲ್ಡ್’ ಹಾಗಲ್ಲ. ಈ ವ್ಯಕ್ತಿಯಿಂದ ಪೂರ್ತಿ ಹಣ ಬರಲಿಲ್ಲ, ಉಳಿದದ್ದನ್ನು ಬ್ಯಾಂಕು ಬಿಟ್ಟುಕೊಟ್ಟಿತು ಎಂದು ಅದು ಸಾರಿ ಹೇಳುತ್ತದೆ. ನಿಮ್ಮ ಮನೆಗೆ 40 ಲಕ್ಷ ಸಾಲ ಮಂಜೂರು ಮಾಡಬೇಕಾದ ಅಧಿಕಾರಿ ಅಲ್ಲಿಗೆ ಬಂದು ನಿಲ್ಲುತ್ತಾನೆ.

ಇದನ್ನು ಸರಿಪಡಿಸುವ ದಾರಿ ಇದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಇಮೇಲ್ ಬರೆಯಿರಿ: ಬಿಟ್ಟುಕೊಟ್ಟ 38,000 ರೂಪಾಯಿಯನ್ನು ಕಟ್ಟಲು ಸಿದ್ಧನಿದ್ದೇನೆ, ಕಟ್ಟಿದ ಮೇಲೆ ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೀರಾ, ಒಟ್ಟು ಎಷ್ಟು ಕಟ್ಟಬೇಕು, ಲಿಖಿತವಾಗಿ ತಿಳಿಸಿ. ಫೋನಿನ ಮಾತು ನಂಬಬೇಡಿ. ಉತ್ತರ ಕೈಗೆ ಬಂದ ಮೇಲಷ್ಟೇ ಹಣ ಕಟ್ಟಿ, ಅದೂ ನೇರ ಬ್ಯಾಂಕಿನ ಖಾತೆಗೆ. ವಸೂಲಿಗೆ ಬಂದವರ ಯುಪಿಐಗೆ ಬೇಡವೇ ಬೇಡ. ಬಾಕಿಯನ್ನು ಬ್ಯಾಂಕು ಆಸ್ತಿ ಪುನರ್‌ರಚನಾ ಕಂಪನಿಗೆ (ವಸೂಲಾಗದ ಸಾಲಗಳನ್ನು ಕೊಳ್ಳುವ ಸಂಸ್ಥೆ) ಮಾರಿದ್ದರೆ ವ್ಯವಹಾರ ಆ ಕಂಪನಿಯೊಂದಿಗೆ. ಕೊನೆಗೆ ಬಾಕಿ ಏನೂ ಉಳಿದಿಲ್ಲವೆಂಬ ಬೇಬಾಕಿ ಪ್ರಮಾಣಪತ್ರ ಪಡೆದು ಜೋಪಾನವಾಗಿಡಿ. ನಾನು ಕಂಡಂತೆ ಹೆಚ್ಚಿನವರು ಎಡವುವುದು ಇಲ್ಲೇ: ಹಣ ಕಟ್ಟುತ್ತಾರೆ, ಪತ್ರ ಕೇಳುವುದಿಲ್ಲ.

38,000 ದೊಡ್ಡದೆನಿಸಿದರೆ ಈ ಲೆಕ್ಕ ನೋಡಿ. 40 ಲಕ್ಷಕ್ಕೆ 20 ವರ್ಷ, ಶೇ 8.5 ಬಡ್ಡಿಯಾದರೆ ತಿಂಗಳ ಕಂತು ಸುಮಾರು 34,700. ಸ್ಕೋರ್ ಕಡಿಮೆಯೆಂದು ಶೇ 9.25 ಹಾಕಿದರೆ ಸುಮಾರು 36,600. ಅವಧಿ ಮುಗಿಯುವಷ್ಟರಲ್ಲಿ ವ್ಯತ್ಯಾಸ ನಾಲ್ಕೂವರೆ ಲಕ್ಷ ದಾಟುತ್ತದೆ.

ಈಗಲೇ ನಿಮ್ಮ ವರದಿಗಳನ್ನು ತರಿಸಿಕೊಳ್ಳಿ. ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಕೂಡ ಇವೆ. 2017ರಿಂದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಪತ್ನಿಯನ್ನು ಸಹ ಅರ್ಜಿದಾರರಾಗಿ ಸೇರಿಸುವ ಯೋಚನೆಯಿದ್ದರೆ ಅವರದ್ದನ್ನೂ ತೆಗೆಸಿ. ಜಾಮೀನು ಹಾಕಿದ ಸಾಲಗಳೂ ಅಲ್ಲಿ ಇರುತ್ತವೆ. ಒಬ್ಬ ಶಾಲಾ ಶಿಕ್ಷಕರ ಅರ್ಜಿ ನೆನಪಿದೆ: ಸ್ವಂತದ್ದೆಂದು ಒಂದು ರೂಪಾಯಿ ಸಾಲವಿರಲಿಲ್ಲ, ಭಾವಮೈದುನನ ಟೆಂಪೊ ಸಾಲಕ್ಕೆ ಸಹಿ ಹಾಕಿದ್ದರು. ಆ ಚೌಕಗಳಲ್ಲಿ 090 ನೋಡಿ ಅವರು ತುಂಬ ಹೊತ್ತು ಮಾತನಾಡಲಿಲ್ಲ. ಕಂತು ತಪ್ಪಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ನಿಮ್ಮದಲ್ಲದ ಸಾಲ, ತೀರಿಸಿದರೂ ತೆರೆದೇ ಇರುವ ಖಾತೆ ಕಂಡರೆ ಅದೇ ಸಂಸ್ಥೆಯ ಜಾಲತಾಣದಲ್ಲಿ ತಕರಾರು ಸಲ್ಲಿಸಿ, ಬ್ಯಾಂಕಿಗೂ ಬರೆಯಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ತಂದಿದೆ. ಪತ್ರದಲ್ಲಿ ಈ ನಿಯಮವನ್ನು ಉಲ್ಲೇಖಿಸಿ, ಉತ್ತರದ ಧಾಟಿಯೇ ಬದಲಾಗುತ್ತದೆ. ಆಗಲೂ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಶುಲ್ಕವಿಲ್ಲ.

ಉಳಿದದ್ದು ತಾಳ್ಮೆಯ ಕೆಲಸ. ಈಗಿರುವ ಕಾರ್ಡಿನ ಮಿತಿ ಒಂದು ಲಕ್ಷವಾದರೆ ಬಳಕೆ 30,000 ಮೀರದಂತೆ ನೋಡಿಕೊಳ್ಳಿ, ಬಿಲ್ಲನ್ನು ಪೂರ್ತಿ ಕಟ್ಟಿ. ‘ಕನಿಷ್ಠ ಮೊತ್ತ’ ಕಟ್ಟಿ ಬಡ್ಡಿಯ ಸುಳಿಗೆ ಬೀಳಬೇಡಿ. ಕಾರ್ಡೇ ಇಲ್ಲದಿದ್ದರೆ ಸಣ್ಣದೊಂದು ನಿಶ್ಚಿತ ಠೇವಣಿಯಿಟ್ಟು ಅದರ ಮೇಲೆ ಕಾರ್ಡ್ ಪಡೆಯಬಹುದು. ‘ನೋಡೋಣ ಎಷ್ಟು ಕೊಡುತ್ತಾರೆ’ ಎಂದು ನಾಲ್ಕು ಆ್ಯಪ್‌ಗಳಲ್ಲಿ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಸಾಲ ಕೊಡುವವರು ಮಾಡುವ ವಿಚಾರಣೆ ವರದಿಯಲ್ಲಿ ದಾಖಲಾಗುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳುಹಿಸಬೇಕಿರುವುದರಿಂದ ತಿದ್ದುಪಡಿ ಹಿಂದಿಗಿಂತ ಬೇಗ ಕಾಣುತ್ತದೆ. ಸ್ಕೋರ್ ಮಾತ್ರ ನಿಧಾನವಾಗಿಯೇ ಏರುತ್ತದೆ. ನನ್ನ ಅಂದಾಜಿನಲ್ಲಿ ನಿಮಗೆ ಒಂದು ವರ್ಷ ಬೇಕು. ಅಷ್ಟು ಕಾಲ ಸಾಲಾಗಿ ನಿಂತ 000ಗಳಿಗಿಂತ ಒಳ್ಳೆಯ ಶಿಫಾರಸು ಅಧಿಕಾರಿಗೆ ಬೇರೆ ಬೇಕಿಲ್ಲ.

ಮನೆಯ ಮಾಲೀಕರು ಮುಂಗಡಕ್ಕೆ ಒತ್ತಾಯಿಸುತ್ತಿದ್ದಾರೆ ಎಂದೂ ಬರೆದಿದ್ದೀರಿ. ಅದೇ ನನ್ನ ಆತಂಕ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಕೊಡುವುದು ಮನೆಯ ಬೆಲೆಯ ಹೆಚ್ಚೆಂದರೆ ಶೇ 80. ಅಂದರೆ 10 ಲಕ್ಷ ನಿಮ್ಮದೇ, ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ಆ ಹಣದಿಂದ ಮುಂಗಡ ಕೊಟ್ಟು, ಆಮೇಲೆ ಸಾಲ ತಿರಸ್ಕೃತವಾದರೆ ಅದನ್ನು ಮರಳಿ ಪಡೆಯಲು ಅಲೆದಾಡಬೇಕಾಗುತ್ತದೆ. ಹಳೆಯ ಖಾತೆ ‘ಕ್ಲೋಸ್ಡ್’ ಎಂದು ವರದಿಯಲ್ಲಿ ಕಾಣುವವರೆಗೆ ಕರಾರುಪತ್ರಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ, ಸಾಲ ಮಂಜೂರಾಗದಿದ್ದಲ್ಲಿ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು ಎಂಬ ಷರತ್ತನ್ನು ಗಡುವಿನ ಸಮೇತ ವಕೀಲರಿಂದ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಮಾಲೀಕರಾದರೆ ಬೇರೆ ಮನೆ ನೋಡಿ. ಮೈಸೂರಿನಲ್ಲಿ ಮನೆಗಳಿಗೇನೂ ಬರವಿಲ್ಲ.