‘ವೌಚ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವೇನು, ಅದು ಎಲ್ಲಿಂದ ಬಂತು?

‘ವೌಚ್’ ಎಂದರೂ ಗ್ಯಾರಂಟಿ ಕೊಡುವುದು ಎಂದರೂ ಒಂದೇ ಅರ್ಥವೇ, ಲೆಕ್ಕಪತ್ರದ ವೋಚರ್‌ಗೂ ಈ ಕ್ರಿಯಾಪದಕ್ಕೂ ನಂಟಿದೆಯೇ ಎಂದು ಕೇಳಿದ್ದೀರಿ. ಅರ್ಥ ಒಂದೇ ಅಲ್ಲ. ನಂಟು ಖಂಡಿತ ಇದೆ.

ಒಬ್ಬರ ನಡತೆಯನ್ನೋ ಒಂದು ಸಂಗತಿಯ ನಿಜವನ್ನೋ ತನ್ನ ಸ್ವಂತ ತಿಳಿವಳಿಕೆಯ ಬಲದಿಂದ ದೃಢಪಡಿಸುವುದು ಈ ಕ್ರಿಯಾಪದದ ಇಂದಿನ ಅರ್ಥ. ಸಾಮಾನ್ಯವಾಗಿ ‘ಫಾರ್’ ಅದರ ಜೊತೆಗಿರುತ್ತದೆ. ಬಾಡಿಗೆ ಮನೆ ಹುಡುಕುವ ಹುಡುಗನನ್ನು ಮಾಲೀಕರ ಬಳಿ ಕರೆದೊಯ್ದು, ‘ಇವನನ್ನು ಚಿಕ್ಕಂದಿನಿಂದ ಬಲ್ಲೆ, ನನ್ನ ಮಾತು ನಂಬಿ ಮನೆ ಕೊಡಿ’ ಎನ್ನುವವರು ಮಾಡುವುದು ಇದನ್ನೇ. ಹುಡುಗ ಬಾಡಿಗೆ ಬಾಕಿ ಉಳಿಸಿ ಹೋದರೆ ಹೇಳಿದವರ ಮರ್ಯಾದೆ ಹೋಗುತ್ತದೆ, ಆದರೆ ಅಷ್ಟು ಮಾತಿನಿಂದಲೇ ಅವರು ಬಾಕಿ ಕಟ್ಟಬೇಕಾಗುವುದಿಲ್ಲ. ಗ್ಯಾರಂಟಿ ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಇರುತ್ತದೆ.

ಇನ್ನು ಮೂಲದ ವಿಚಾರ. ‘ಕರೆ’ ಎಂಬ ಅರ್ಥದ ಲ್ಯಾಟಿನ್ ‘ವೊಕಾರೆ’ಯಿಂದ ಹೊರಟ ಈ ಪದ, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ನೆಲೆಯೂರಿದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಇಳಿಯಿತು. ಅಡ್ವೊಕೇಟ್ ಕೂಡ ಇದೇ ಮನೆತನದ್ದು. ನಮ್ಮ ಸಂಸ್ಕೃತದ ‘ವಾಕ್’ ಇದರ ದೂರದ ದಾಯಾದಿ. ಕರೆಯುವ ಪದ ಭರವಸೆಯ ಪದವಾದದ್ದು ಜಮೀನಿನ ವ್ಯಾಜ್ಯಗಳಲ್ಲಿ. ‘ಈ ಜಮೀನು ನನ್ನದು’ ಎಂದು ಯಾರಾದರೂ ದಾವೆ ಹೂಡಿದರೆ, ಅನುಭವದಲ್ಲಿದ್ದವನು ತನಗೆ ಅದನ್ನು ಕೊಟ್ಟು ಹಕ್ಕಿನ ಭರವಸೆ ನೀಡಿದ್ದವನನ್ನು ನ್ಯಾಯಾಲಯಕ್ಕೆ ಕರೆಸಬಹುದಿತ್ತು. ಹಾಗೆ ಕರೆಸುವುದೇ ವೌಚ್. ಬಂದವನು ಮೊಕದ್ದಮೆಯನ್ನು ತಾನೇ ನಡೆಸಬೇಕು. ಸೋತರೆ ಅಷ್ಟೇ ಬೆಲೆಯ ಬೇರೆ ಜಮೀನನ್ನು ಕೊಡಬೇಕು. ಅಂದರೆ ಆಗ ಹೊಣೆ ಹೊರುತ್ತಿದ್ದವನು ಕರೆಸಿಕೊಂಡವನು. ಈಗ ಆ ಕ್ರಿಯಾಪದವನ್ನು ಬಳಸುವವನೇ ಹೊಣೆಗೆ ನಿಲ್ಲುತ್ತಾನೆ.

ವಕೀಲರು ಈ ಪದ್ಧತಿಯನ್ನು ನಾಟಕವಾಗಿಸಿದ ಬಗೆ ನನಗೆ ಬಲು ಸ್ವಾರಸ್ಯಕರವೆನಿಸುತ್ತದೆ. ಮಾರಲಾಗದಂತೆ ವಂಶಕ್ಕೆ ಕಟ್ಟಿಹಾಕಿದ ಜಮೀನನ್ನು ಬಿಡಿಸಿಕೊಳ್ಳಲು ಕೊಳ್ಳುವವನ ಕಡೆಯವರಿಂದಲೇ ದಾವೆ ಹಾಕಿಸಿ, ಭರವಸೆ ಕೊಟ್ಟವನೆಂದು ಬಿಡಿಗಾಸಿನ ಆಸ್ತಿಯೂ ಇಲ್ಲದ ಒಬ್ಬನನ್ನು, ಬಹಳ ಸಲ ಕೋರ್ಟಿನಲ್ಲಿ ಕೂಗುವ ನೌಕರನನ್ನೇ, ಕರೆಸುತ್ತಿದ್ದರು. ಅವನು ಹೊಣೆ ಒಪ್ಪಿ, ಆಮೇಲೆ ಹೇಳದೆ ಕೇಳದೆ ಗೈರುಹಾಜರಾಗುತ್ತಿದ್ದ. ತೀರ್ಪು ದಾವೆದಾರನ ಪರವಾಗುತ್ತಿತ್ತು, ವಾರಸುದಾರರಿಗೆ ಆ ಆಸ್ತಿಯಿಲ್ಲದವನಿಂದ ಬರಬೇಕಾದ ಪರಿಹಾರ ಕಾಗದದ ಮೇಲೆ ಉಳಿಯುತ್ತಿತ್ತು. 1833ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿ ಇದಕ್ಕೆ ತೆರೆ ಎಳೆಯಿತು.

ವೋಚರ್ ಮೊದಲು ಆ ಕರೆಸುವಿಕೆಯ ಹೆಸರಾಗಿತ್ತು. ಮುಂದೆ, ಖರ್ಚು ನಿಜವೆಂದು ಸಾರುವ ಚೀಟಿಯ ಹೆಸರಾಯಿತು. ನಗದು ಪುಸ್ತಕದ ಒಂದೊಂದು ನಮೂದಿಗೂ ಸಹಿ, ತಾರೀಕು, ಮೊತ್ತವಿರುವ ಚೀಟಿಯನ್ನು ತಾಳೆ ನೋಡುವ ಕೆಲಸವನ್ನು ಲೆಕ್ಕಪರಿಶೋಧಕರು ಇಂದಿಗೂ ವೌಚಿಂಗ್ ಎನ್ನುತ್ತಾರೆ.

ಅನುವಾದಿಸುವಾಗ ‘ಜಾಮೀನು ನಿಲ್ಲು’ ಎಂದರೆ ಹಣದ ವಾಸನೆ ಹೆಚ್ಚಾಗುತ್ತದೆ, ‘ಭರವಸೆ ಕೊಡು’ ಎಂದರೆ ಮುಂದೆ ನಡೆಯಲಿರುವುದರ ಮಾತಾಗುತ್ತದೆ. ‘ಅವರ ಪ್ರಾಮಾಣಿಕತೆಗೆ ನಾನು ಹೊಣೆ’ ಎಂಬುದೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ನಿಷೇಧಾರ್ಥದಲ್ಲಿ ಬಂದಾಗ ‘ಈ ಸುದ್ದಿಯ ಸತ್ಯಾಸತ್ಯತೆಗೆ ನಾನು ಹೊಣೆಯಲ್ಲ’ ಎಂದು ಬರೆದರೆ ಸಾಕು.