ಬೋರ್ಡಿನ ಮುಂದೆ ನಿಂತ ದಿನ

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.)

ಶೈಲಾಗೆ 29 ವರ್ಷ. ಹಾವೇರಿ ಕಡೆಯ ಹಳ್ಳಿಯವರು. ಧಾರವಾಡದಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿ, ಗದಗದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಹಳೆಯ ಕ್ಲಾಸ್‌ಮೇಟ್‌ಗಳು ಒಂದು ಭಾನುವಾರ ಸೇರುತ್ತಿದ್ದಾರೆ. ಓದಿನ ದಿನಗಳ ಬಗ್ಗೆ ಒಬ್ಬೊಬ್ಬರೂ ಎರಡು ಮಾತು ಹೇಳಬೇಕಂತೆ. ಅದಕ್ಕೇ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು.

"ನಾ ಏನ್ ಹೇಳ್ಲಿ ಮೇಡಂ? ಎರಡ ವರ್ಷದಾಗ ನಂಗ ನೆನಪಿರೋದು ಒಂದ ದಿನಾರೀ."

ಮೊದಲ ಸೆಮಿಸ್ಟರ್, ರಿಯಲ್ ಅನಾಲಿಸಿಸ್ ಕ್ಲಾಸ್. ಕಂಟಿನ್ಯೂಟಿ ಅಂದರೆ ಫಂಕ್ಷನ್ನಿನ ಗೆರೆ ಎಲ್ಲೂ ಕಡಿಯದಿರುವುದು; ಯೂನಿಫಾರ್ಮ್ ಕಂಟಿನ್ಯೂಟಿ ಅದರ ಬಿಗಿಯಾದ ರೂಪ. ಅದರ ಲೆಕ್ಕಕ್ಕೆ ಸರ್ ಬೋರ್ಡಿಗೆ ಕರೆದರು. ಶೈಲಾ ಎಪ್ಸಿಲಾನ್ (ಫಂಕ್ಷನ್ನಿನ ಬೆಲೆ ಎಷ್ಟರೊಳಗೆ ಬದಲಾಗಬಹುದು ಅನ್ನುವ ಮಿತಿ) ಬರೆದರು, ಡೆಲ್ಟಾ (ಅದಕ್ಕಾಗಿ ಬಿಂದು ಎಷ್ಟರೊಳಗೆ ಸರಿಯಬೇಕು ಅನ್ನುವ ಅಳತೆ) ಬರೆದರು. ಮುಂದೆ ಕೈ ಓಡಲಿಲ್ಲ. "ಕನ್ನಡ ಮೀಡಿಯಂ ಏನು? ಹೋಗು, ಕುಂದ್ರು" ಅಂದರು ಸರ್. ಆಮೇಲೆ ಎರಡು ವರ್ಷ ಶೈಲಾ ಕ್ಲಾಸಿನಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಈಗಲೂ ತಮ್ಮ ಕ್ಲಾಸಿನ ಹುಡುಗರು ಕೈ ಎತ್ತಿದರೆ ಎದೆ ಡವಡವ ಅನ್ನುತ್ತದೆ.

ನನಗೆ ಸಿಟ್ಟು ಬಂತು. ಆ ಮಾತು ತಪ್ಪು ಅಂತ ಮೊದಲು ಹೇಳಿದೆ. 'ಹೋಗ್ಲಿ ಬಿಡು' ಅನ್ನುವವರು ಆಕೆಗೆ ಆಗಲೇ ಬಹಳ ಜನ ಸಿಕ್ಕಿದ್ದರು.

ನಾನೂ ಡಿಗ್ರಿಯಲ್ಲಿ ಗಣಿತ ಓದಿದವಳು. ಅದಕ್ಕೇ ಕೇಳಿದೆ, ಆ ವಿಷಯ ಕೊನೆಗೆ ತಿಳಿಯಿತಾ?

"ತಿಳೀತ್ರೀ." ನನ್ನ ಟೇಬಲ್ ಮೇಲಿದ್ದ ಕರೆಂಟ್ ಬಿಲ್ಲಿನ ಹಿಂದೆ ಸೊನ್ನೆಯಿಂದ ಒಂದರವರೆಗೆ 1/x ಗ್ರಾಫ್ ಎಳೆದರು. "ಬರೇ ಕಂಟಿನ್ಯೂಟಿ ಅಂದ್ರ ಬಿಂದು ನೋಡಿ ಡೆಲ್ಟಾ ಆರಿಸ್ಕೋಬಹುದು. ಯೂನಿಫಾರ್ಮ್ ಅಂದ್ರ ಒಂದ ಡೆಲ್ಟಾ ಎಲ್ಲಾ ಬಿಂದುಗೂ ಸಾಕಾಗ್ಬೇಕು. ಇಲ್ನೋಡ್ರೀ, ಸೊನ್ನಿ ಹತ್ರ ಹೋದಂಗ ಗೆರಿ ಏರತೈತಿ, ಡೆಲ್ಟಾ ಸಣ್ಣ ಆಗಕೋಂತ ಹೋಗತೈತಿ. ಎಲ್ಲಾದಕ್ಕೂ ಹೊಂದೋದು ಸಿಗಂಗಿಲ್ಲ."

ಹಾಸ್ಟೆಲ್‌ನಲ್ಲಿ ಹಳೆ ಕ್ಯಾಲೆಂಡರಿನ ಹಿಂದೆ ಗೀಚುತ್ತಾ ರಾತ್ರಿ ಎರಡಕ್ಕೆ ಇದನ್ನು ತಾವೇ ಕಂಡುಕೊಂಡಿದ್ದರಂತೆ. ಬೆಳಿಗ್ಗೆ ರೂಮ್‌ಮೇಟ್‌ಗೂ ಹೇಳಿಕೊಟ್ಟಿದ್ದರು. ಇಷ್ಟು ಹೇಳುವಾಗ ದನಿ ನಡುಗಲಿಲ್ಲ.

'ಒಂದೊಂದಕ್ಕೂ ಬೇರೆ' ಮತ್ತು 'ಎಲ್ಲಕ್ಕೂ ಒಂದೇ', ಈ ವ್ಯತ್ಯಾಸದಲ್ಲಿ ಕೋಶಿಯಂಥ ದೊಡ್ಡ ಗಣಿತಜ್ಞನೇ ಎಡವಿದ್ದಾನೆ. ಕಂಟಿನ್ಯೂಯಸ್ ಫಂಕ್ಷನ್‌ಗಳ ಕೊನೆಯಿಲ್ಲದ ಸರಣಿಯ ಮೊತ್ತವೂ ಕಂಟಿನ್ಯೂಯಸ್ ಅಂತ 1821ರಲ್ಲಿ ಬರೆದ. 1826ರಲ್ಲಿ ಆಬೆಲ್ ಎಂಬ ಇನ್ನೊಬ್ಬ ಗಣಿತಜ್ಞ ಅದಕ್ಕೆ ಹೊಂದದ ಉದಾಹರಣೆ ತೋರಿಸಿದ. ಅಲ್ಲಿ ಬೇಕಿದ್ದದ್ದೂ ಯೂನಿಫಾರ್ಮ್ ಅನ್ನುವ ಷರತ್ತೇ. ಶೈಲಾಗೆ ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳಲಿಲ್ಲ. ಆ ದಿನ ಕೈ ನಿಂತದ್ದು ವಿಷಯ ಕಷ್ಟದ್ದು ಅಂತ, ಮೀಡಿಯಂನಿಂದಲ್ಲ.

ನನ್ನ ಸಲಹೆ ಇಷ್ಟು. ಆ ದಿನವನ್ನು ಕಾಗದದ ಮೇಲೆ ಬರೆಯಿರಿ, 'ಕುಂದ್ರು' ಅನ್ನುವಲ್ಲಿ ನಿಲ್ಲಿಸಬೇಡಿ, ರಾತ್ರಿ ಎರಡರವರೆಗೂ ಬರೆಯಿರಿ. ರೂಮ್‌ಮೇಟ್‌ಗೆ ಫೋನ್ ಮಾಡಿ ಅವರಿಗೆ ಏನು ನೆನಪಿದೆ ಕೇಳಿ. ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಬೋರ್ಡಿನ ಮುಂದೆ ನಿಂತುಬಿಟ್ಟರೆ, ಪಕ್ಕಕ್ಕೆ ಹೋಗಿ "ಎಲ್ಲೀತನಕ ತಿಳೀತು?" ಅನ್ನಿ. ಎದೆಬಡಿತ ಜಾಸ್ತಿಯಾಗಿ ನಿದ್ದೆ ಕೆಟ್ಟರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಡಾಕ್ಟರನ್ನು ಕಾಣೋಣ, ತಡಮಾಡುವುದು ಬೇಡ.

ಎರಡು ವಾರ ಬಿಟ್ಟು ಬಂದರು. ರೂಮ್‌ಮೇಟ್‌ಗೆ ಆ ದಿನ ಚೆನ್ನಾಗಿಯೇ ನೆನಪಿತ್ತು. "ನಂಗೂ ಏನೂ ತಿಳಿದಿರ್ಲಿಲ್ಲ ಲೇ. ನನ್ನ ಕರೀಲಿಲ್ಲ ಅಂತ ಉಸಿರು ಬಿಟ್ಟಿದ್ದೆ" ಅಂದರಂತೆ. ಶೈಲಾ ಇದನ್ನು ಹೇಳಿ ಅತ್ತರು, ಬಹಳ ಹೊತ್ತು. ಎದೆಬಡಿತ ಇನ್ನೂ ಇದೆ, ಸ್ವಲ್ಪ ಕಡಿಮೆ. ಭಾನುವಾರದ ಭೇಟಿಗೆ ಹೋಗುವುದನ್ನು ಇನ್ನೂ ಗಟ್ಟಿ ಮಾಡಿಲ್ಲ. ಬರೆದ ಹಾಳೆ ಮಾತ್ರ ಬ್ಯಾಗಿನಲ್ಲಿದೆ, ನಾಲ್ಕು ಪುಟ.